ಕಾರ್ಖಾನೆಯಿಂದ ಪ್ರಯೋಗಶಾಲೆಗೆ: ಪ್ರಯೋಗಶಾಲೆಯ ಇಂಜಿನಿಯರನ ಕಾರ್ಯವನ್ನು ಕುರಿತು

ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗವೊಂದರಲ್ಲಿ ಅಧ್ಯಾಪಕರ ಕೆಲಸವೇನೆಂಬುದನ್ನು ಎಲ್ಲರೂ ಬಲ್ಲರು. ಸಂಶೋಧನ ವಿದ್ಯಾರ್ಥಿಗಳ ಕೆಲಸವೂ ತಿಳಿಯದ್ದೇನಲ್ಲ. ಆದರೆ ಅದೇ ವಿಭಾಗದ ನೆಲಮಾಳಿಗೆಯಲ್ಲಿ, ಪಂಪುಗಳ ಸದ್ದಿನ ನಡುವೆ ದಿನ ಕಳೆಯುವ ಪ್ರಯೋಗಶಾಲೆಯ ಇಂಜಿನಿಯರನ ಕಾರ್ಯವಾವುದೆಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ಕೆಟ್ಟುದನ್ನು ಸರಿಪಡಿಸುವುದು. ಈ ಉತ್ತರ ತಪ್ಪೆಂದು ಹೇಳಲಾಗದು. ಆದರೆ ಅದು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿದುಕೊಳ್ಳಲು ನಮಗೇ ಕೆಲವು ವರ್ಷಗಳು ಬೇಕಾದುವು. ಅದಕ್ಕಾಗಿ ಇನ್ನೊಬ್ಬರ ನಾಲ್ಕು ತಿಂಗಳ ಶ್ರಮವನ್ನೂ ತೆರಬೇಕಾಯಿತು. ಆ ಅನುಭವವನ್ನು ಮುಂದಿಟ್ಟುಕೊಂಡು ಈ ವೃತ್ತಿಯ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನಾವು ಇಪ್ಪತ್ತೆರಡು ವರ್ಷಗಳ ಕಾಲ ಯಂತ್ರೋಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿದು, ಅನಂತರ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಗೆ ಬಂದವರು. ಬೆಂಗಳೂರಿನಲ್ಲಿ ಈ ದಾರಿ ಅಪರೂಪವಾದುದಲ್ಲ. ಜನರು ಟಾಟಾ ಇನ್ಸ್ಟಿಟ್ಯೂಟ್ ಎಂದು ಕರೆಯುತ್ತ ಬಂದ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪಿತವಾಯಿತು. ಅನಂತರ ಅದೇ ಊರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಒಂದರ ಹಿಂದೊಂದು ತಲೆಯೆತ್ತಿದುವು. ವಿದ್ಯೆಯ ಲೋಕವೂ ಉತ್ಪಾದನೆಯ ಲೋಕವೂ ಹೀಗೆ ನೆರೆಹೊರೆಯಾಗಿ ಬೆಳೆದ ಊರಿನಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವುದು ಬೀದಿ ದಾಟಿದಷ್ಟೇ ಸುಲಭವೆಂದು ನಾವು ತಿಳಿದಿದ್ದೆವು. ಎರಡು ಕಡೆಯೂ ಅದೇ ಲೇತು, ಅದೇ ಮೈಕ್ರೊಮೀಟರು, ಅದೇ ಬೆಸುಗೆ. ಬದಲಾಗಿದ್ದುದು ಕೈಯ ಕೆಲಸವಲ್ಲ. ಆ ಕೆಲಸದ ಹಿಂದಿನ ಪ್ರಶ್ನೆ.

ಎರಡು ಬಗೆಯ ಅಳತೆ

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಕಾರ್ಖಾನೆಯ ನಕ್ಷೆಯಲ್ಲಿ 25 ಮಿಲಿಮೀಟರ್ ವ್ಯಾಸದ ರಂಧ್ರವೊಂದನ್ನು ‘ಹೆಚ್ 7’ ಎಂಬ ದರ್ಜೆಗೆ ಕೊರೆಯಬೇಕೆಂದು ಬರೆದಿದ್ದರೆ, ಆ ವ್ಯಾಸ 25.000 ಮಿಲಿಮೀಟರಿಗೆ ಕಡಿಮೆಯಾಗಬಾರದು, 25.021 ಮಿಲಿಮೀಟರನ್ನು ಮೀರಬಾರದು ಎಂದು ಅರ್ಥ. ಇದನ್ನು ಪರೀಕ್ಷಿಸಲು ಎರಡು ತುದಿಗಳುಳ್ಳ ಗೇಜು ಇರುತ್ತದೆ. ಒಂದು ತುದಿ ರಂಧ್ರದೊಳಕ್ಕೆ ಹೋಗಬೇಕು, ಇನ್ನೊಂದು ಹೋಗಬಾರದು. ಹೀಗಿದ್ದರೆ ವಸ್ತು ಸ್ವೀಕಾರಾರ್ಹ, ಇಲ್ಲವಾದರೆ ತಿರಸ್ಕಾರ. ಗೇಜು ಹಿಡಿದ ಕೆಲಸಗಾರ ಆ ರಂಧ್ರದ ನಿಜವಾದ ವ್ಯಾಸವೆಷ್ಟೆಂದು ತಿಳಿಯಬೇಕಾದ ಅಗತ್ಯವೇ ಇಲ್ಲ. ಎಷ್ಟು ವ್ಯತ್ಯಾಸವನ್ನು ಸಹಿಸಬಹುದೆಂಬುದನ್ನು ವಿನ್ಯಾಸಗಾರನು ಮೊದಲೇ ನಿರ್ಧರಿಸಿರುವನು. ಸಾವಿರ ವಸ್ತುಗಳು ಒಂದೇ ರೀತಿ ಬರಬೇಕು ಎಂಬುದೇ ಅಲ್ಲಿಯ ಧರ್ಮ; ವ್ಯತ್ಯಾಸವೇ ಶತ್ರು.

ಪ್ರಯೋಗಶಾಲೆಯಲ್ಲಿ ಸ್ಥಿತಿ ಬೇರೆ. ಅಲ್ಲಿ ಒಂದು ಉಪಕರಣವನ್ನು ಬಹುಮಟ್ಟಿಗೆ ಒಂದೇ ಸಲ ಮಾಡುವುದು. ಅದರಿಂದ ಅಳೆಯತಕ್ಕ ವಸ್ತುವಿನ ಬೆಲೆ ಯಾರಿಗೂ ಮೊದಲೇ ತಿಳಿದಿರುವುದಿಲ್ಲ. ತಿಳಿದಿದ್ದರೆ ಪ್ರಯೋಗವೇ ಬೇಕಿರಲಿಲ್ಲ. ಇಲ್ಲಿ ಬಯಸುವುದೇ ವ್ಯತ್ಯಾಸವನ್ನು: ಉಷ್ಣತೆ ಇಳಿದಾಗ ವಿದ್ಯುತ್ ರೋಧ ಬದಲಾಯಿತೇ, ಕಾಂತಕ್ಷೇತ್ರ ಏರಿದಾಗ ಅದು ಇನ್ನಷ್ಟು ಬದಲಾಯಿತೇ ಎಂದು ನೋಡುವುದು. ಹಾಗೆ ಕಂಡ ವ್ಯತ್ಯಾಸ ಪ್ರಕೃತಿಯದೋ ಉಪಕರಣದ್ದೋ ಎಂಬ ಪ್ರಶ್ನೆಗೆ ಯಾವ ಗೇಜೂ ಉತ್ತರ ಹೇಳಲಾರದು. ಆ ಪ್ರಶ್ನೆಯಲ್ಲಿ ಉಪಕರಣಕ್ಕೆ ಸಂಬಂಧಿಸಿದ ಪಾಲಿಗೆ ಉತ್ತರ ಹೇಳಬೇಕಾದವನು ಪ್ರಯೋಗಶಾಲೆಯ ಇಂಜಿನಿಯರ್. ನಾವು ಮೇಲೆ ಉಳಿದರ್ಧವೆಂದು ಹೇಳಿದ್ದು ಇದನ್ನೇ.

ದುರಸ್ತಿಯೂ ವಿಚಾರಣೆಯೂ

ಕಾರ್ಖಾನೆಯಲ್ಲಿ ಯಂತ್ರ ನಿಂತರೆ ಪ್ರತಿ ಗಂಟೆಯೂ ನಷ್ಟ. ಪಾಳಿ ಮುಗಿಯುವುದರೊಳಗೆ ಅದು ಮತ್ತೆ ತಿರುಗಬೇಕು. ಆದಕಾರಣ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಹಾಕುವುದು ಮೊದಲ ಕೆಲಸ; ಅದೇಕೆ ಕೆಟ್ಟಿತೆಂಬ ವಿಚಾರ ಬಿಡುವಾದಾಗ. ಇದು ಅವಿವೇಕವಲ್ಲ, ಆ ಸ್ಥಳಕ್ಕೆ ಅದೇ ವಿವೇಕ. ಆದರೆ ಇದೇ ಅಭ್ಯಾಸವನ್ನು ಪ್ರಯೋಗಶಾಲೆಯೊಳಕ್ಕೆ ತಂದರೆ ಅಪಾಯ.

ವಿಶ್ವವಿದ್ಯಾನಿಲಯಗಳ ಇತಿಹಾಸದಲ್ಲಿ ಪ್ರಸಿದ್ಧವಾದ ಒಂದು ದುರಸ್ತಿಯನ್ನು ಇಲ್ಲಿ ಸ್ಮರಿಸಬಹುದು. 1757ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾನಿಲಯ ಜೇಮ್ಸ್ ವಾಟ್ ಎಂಬ ತರುಣನಿಗೆ ತನ್ನ ಆವರಣದಲ್ಲಿ ಉಪಕರಣಗಳ ಕಾರ್ಯಾಗಾರವನ್ನು ನಡೆಸಲು ಅವಕಾಶವಿತ್ತಿತು. 1763–64ರ ಚಳಿಗಾಲದಲ್ಲಿ, ತರಗತಿಯಲ್ಲಿ ತೋರಿಸಲು ಇಟ್ಟಿದ್ದ ನ್ಯೂಕಮೆನ್ ಹಬೆಯಂತ್ರದ ಚಿಕ್ಕ ಮಾದರಿಯೊಂದು ದುರಸ್ತಿಗಾಗಿ ವಾಟ್‌ನ ಕೈಗೆ ಬಂದಿತು. ಅವನು ಅದನ್ನು ಸರಿಪಡಿಸಿದನು, ಅದು ನಡೆಯಿತು. ಆದರೆ ಕೆಲವೇ ಹೊಡೆತಗಳಲ್ಲಿ ಅದರ ಬಾಯ್ಲರಿನ ಹಬೆಯೆಲ್ಲ ತೀರಿಹೋಗುತ್ತಿತ್ತು. ಮಾದರಿಯನ್ನು ಹಿಂದಿರುಗಿಸಿ ಕೂಲಿ ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇಷ್ಟೊಂದು ಹಬೆ ಎಲ್ಲಿಗೆ ಹೋಗುತ್ತಿದೆ ಎಂದು ವಾಟ್ ಕೇಳಿಕೊಂಡನು. ಪ್ರತಿ ಹೊಡೆತದಲ್ಲಿಯೂ ಸಿಲಿಂಡರನ್ನು ತಣ್ಣೀರಿನಿಂದ ತಂಪುಮಾಡಿ ಮತ್ತೆ ಹಬೆಯಿಂದ ಕಾಯಿಸಬೇಕಾಗಿದ್ದುದರಿಂದ ಹಬೆಯ ಬಹುಭಾಗ ಸಿಲಿಂಡರಿನ ಲೋಹವನ್ನು ಕಾಯಿಸುವುದರಲ್ಲಿಯೇ ವ್ಯರ್ಥವಾಗುತ್ತಿತ್ತು. 1765ರಲ್ಲಿ ಹಬೆಯನ್ನು ಬೇರೆಯ ಪಾತ್ರೆಯಲ್ಲಿ ತಂಪುಮಾಡುವ ಉಪಾಯ ಅವನಿಗೆ ಹೊಳೆಯಿತು; 1769ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

ನಾವೆಲ್ಲರೂ ವಾಟ್ ಆಗಲಾರೆವು, ಆಗಬೇಕೆಂದೂ ಅಲ್ಲ. ಸರಿಹೋಯಿತು ಎಂಬಲ್ಲಿಗೆ ಕಾರ್ಖಾನೆಯವನ ಕೆಲಸ ಮುಗಿಯುತ್ತದೆ, ಪ್ರಯೋಗಶಾಲೆಯವನ ಕೆಲಸದ ಎರಡನೆಯ ಭಾಗ ಅಲ್ಲಿಂದ ಆರಂಭವಾಗುತ್ತದೆ ಎಂಬುದಷ್ಟೇ ಇದರಿಂದ ಗ್ರಹಿಸತಕ್ಕ ಅಂಶ. ಅದನ್ನು ಮರೆತುದರ ಫಲವನ್ನು ಈಗ ಹೇಳುತ್ತೇವೆ.

ಒಂದು ಸಂಜೆಯ ಬೆಸುಗೆ

ನಾವು ವಿಭಾಗಕ್ಕೆ ಬಂದ ಎರಡನೆಯ ವರ್ಷ. ಸಂಶೋಧನ ವಿದ್ಯಾರ್ಥಿನಿಯೊಬ್ಬರು ಲ್ಯಾಂಥನಮ್, ಕ್ಯಾಲ್ಸಿಯಮ್ ಮತ್ತು ಮ್ಯಾಂಗನೀಸುಗಳ ಒಂದು ಆಕ್ಸೈಡಿನ ವಿದ್ಯುತ್ ರೋಧವನ್ನು ಅಳೆಯುತ್ತಿದ್ದರು. ಈ ಜಾತಿಯ ವಸ್ತುಗಳ ಸ್ವಭಾವ ವಿಚಿತ್ರವಾದುದು. ತಣಿಸುತ್ತ ಬಂದಂತೆ ಮೊದಲು ರೋಧ ಏರುತ್ತದೆ. ಸುಮಾರು 250 ಕೆಲ್ವಿನ್ ಉಷ್ಣತೆಯ ಬಳಿ ಶಿಖರವನ್ನು ಮುಟ್ಟಿ, ಅನಂತರ ಲೋಹದಲ್ಲಿರುವಂತೆ ಇಳಿಯತೊಡಗುತ್ತದೆ. ಆ ಶಿಖರದ ಸ್ಥಾನ ವಸ್ತುವಿನಲ್ಲಿರುವ ಆಮ್ಲಜನಕದ ಪ್ರಮಾಣವನ್ನೂ ಅದನ್ನು ಕಾಯಿಸಿದ ಕ್ರಮವನ್ನೂ ಅವಲಂಬಿಸಿರುತ್ತದೆ. ಕಾಯಿಸದ ಬಿಲ್ಲೆಯೊಂದನ್ನು ಜನವರಿಯಲ್ಲಿ ಅಳೆದುದಾಗಿತ್ತು. ಆಮ್ಲಜನಕದಲ್ಲಿ ಕಾಯಿಸಿದ ಬಿಲ್ಲೆಯನ್ನು ಮಾರ್ಚ್ ತಿಂಗಳಲ್ಲಿ ಅಳೆಯತೊಡಗಿದರು. ಎರಡನೆಯದರ ಶಿಖರ ಸುಮಾರು ನಾಲ್ಕು ಡಿಗ್ರಿ ಮೇಲೆ ಕಂಡಿತು. ನಿರೀಕ್ಷಿಸಿದ್ದುದೂ ಹಾಗೆಯೇ. ಅಧ್ಯಾಪಕರಿಗೆ ಸಂತೋಷವಾಯಿತು, ಲೇಖನದ ಕರಡು ಸಿದ್ಧವಾಗತೊಡಗಿತು.

ಜೂನ್ ತಿಂಗಳಲ್ಲಿ, ನಕ್ಷೆಯಲ್ಲಿ ಕೆಲವು ಬಿಂದುಗಳು ವಿರಳವಾಗಿವೆಯೆಂದು, ಆಕೆ ಮೊದಲ ಬಿಲ್ಲೆಯನ್ನು ಮತ್ತೊಮ್ಮೆ ಉಪಕರಣದಲ್ಲಿಟ್ಟು ಅಳೆದರು. ಅದರ ಶಿಖರವೂ ನಾಲ್ಕು ಡಿಗ್ರಿ ಮೇಲೇರಿತ್ತು! ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟಿದ್ದುದು ಬಿಟ್ಟರೆ ಅದಕ್ಕೆ ಯಾರೂ ಏನನ್ನೂ ಮಾಡಿರಲಿಲ್ಲ. ಆಕೆ ನಮ್ಮ ಬಳಿ ಬಂದು, “ಸರ್, ಜನವರಿ ಆದಮೇಲೆ ಈ ಉಪಕರಣದಲ್ಲಿ ಏನಾದರೂ ಬದಲಾಯಿಸಿದ್ದಿರಾ?” ಎಂದು ಕೇಳಿದರು. ಇಲ್ಲವೆಂದು ಹೇಳಲು ಬಾಯಿ ತೆರೆದೆವು. ಅಷ್ಟರಲ್ಲಿ ನೆನಪಾಯಿತು.

ಫೆಬ್ರವರಿಯ ಒಂದು ಸಂಜೆ ಉಷ್ಣತೆಯನ್ನು ಅಳೆಯುವ ಉಷ್ಣಯುಗ್ಮದ ಬೆಸುಗೆ ಕಿತ್ತುಬಂದಿತ್ತು. ತಾಮ್ರ ಮತ್ತು ಕಾನ್ಸ್ಟಂಟನ್ ಎಂಬ ಮಿಶ್ರಲೋಹದ ಎರಡು ತಂತಿಗಳ ಆ ಕೂಡುತುದಿಯನ್ನು ನಾವು ಅರ್ಧ ಗಂಟೆಯಲ್ಲಿ ಬೆಸೆದು, ಬಿಲ್ಲೆಯನ್ನು ಹಿಡಿದಿಡುವ ತಾಮ್ರದ ದಿಮ್ಮಿಗೆ ಅಂಟಿಸಿ, ಮುಚ್ಚಳ ಹಾಕಿ ಮನೆಗೆ ಹೋಗಿದ್ದೆವು. ಮುರಿದ ತುದಿಗಳನ್ನು ಕತ್ತರಿಸಿದ್ದರಿಂದ ತಂತಿ ಮೋಟಾಗಿತ್ತು. ಮೊದಲು ಆ ತಂತಿಗಳು ದಿಮ್ಮಿಯ ಸುತ್ತ ಐದಾರು ಸುತ್ತು ಸುತ್ತಿ, ಅರಗಿನಿಂದ ಅಂಟಿಕೊಂಡು, ಅನಂತರ ಕೂಡುತುದಿಯನ್ನು ಸೇರುತ್ತಿದ್ದುವು. ಕಾರ್ಖಾನೆಯ ಕಣ್ಣಿಗೆ ಆ ಸುತ್ತುಗಳು ಮಿಕ್ಕ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿಟ್ಟಂತೆ ಕಂಡಿದ್ದುವು. ಅವನ್ನು ಬಿಟ್ಟು ನೇರವಾಗಿ ಬೆಸೆದೆವು. ಮರುದಿನ ಮೀಟರು ಸರಿಯಾಗಿ ನಡೆಯಿತು. ‘ಬೆಸುಗೆ ಹಾಕಿದೆ, ನಡೆಯುತ್ತಿದೆ’ ಎಂಬ ಎರಡು ಮಾತನ್ನು ಕೂಡ ಎಲ್ಲಿಯೂ ಬರೆದಿಡಲಿಲ್ಲ.

ಆ ಸುತ್ತುಗಳ ಪ್ರಯೋಜನವನ್ನು ವಿದ್ಯಾರ್ಥಿಗಳಿಗಾಗಿ ವಿವರಿಸಬೇಕು. ಬಿಲ್ಲೆಯೂ ದಿಮ್ಮಿಯೂ ನಿರ್ವಾತದಲ್ಲಿ ತಣ್ಣಗಿರುತ್ತವೆ. ತಂತಿಯ ಹೊರತುದಿ ಕೋಣೆಯ ಉಷ್ಣತೆಯಲ್ಲಿರುತ್ತದೆ. ತಾಮ್ರವು ಉಷ್ಣವನ್ನು ಚೆನ್ನಾಗಿ ಒಯ್ಯುವ ಲೋಹವಾದುದರಿಂದ ಹೊರಗಿನ ಉಷ್ಣ ತಂತಿಯ ಮೂಲಕ ಒಳಕ್ಕೆ ಹರಿದುಬರುತ್ತದೆ. ದಿಮ್ಮಿಯ ಮೈಗೆ ತಂತಿಯನ್ನು ಸುತ್ತಿ ಅಂಟಿಸಿದ್ದರೆ ಆ ಉಷ್ಣವೆಲ್ಲ ದಿಮ್ಮಿಯಲ್ಲಿಯೇ ಇಳಿದು, ಕೂಡುತುದಿಯನ್ನು ಮುಟ್ಟುವ ವೇಳೆಗೆ ತಂತಿಗೆ ದಿಮ್ಮಿಯದೇ ಉಷ್ಣತೆ ಬಂದಿರುತ್ತದೆ. ಸುತ್ತುಗಳಿಲ್ಲದಿದ್ದರೆ ಉಷ್ಣ ನೇರವಾಗಿ ಕೂಡುತುದಿಗೇ ಬಂದು, ಅದು ಬಿಲ್ಲೆಗಿಂತ ಬೆಚ್ಚಗಿನ ಉಷ್ಣತೆಯನ್ನು ತೋರಿಸುತ್ತದೆ. ಬಿಲ್ಲೆಯಲ್ಲಿ ಏನೂ ಬದಲಾಗದಿದ್ದರೂ ಶಿಖರ ಮೇಲಕ್ಕೆ ಸರಿದಂತೆ ಕಾಣುತ್ತದೆ. ನಾಲ್ಕು ಡಿಗ್ರಿಯ ಆ ಸಂಶೋಧನೆ ಆಮ್ಲಜನಕದ ಗುಣವಾಗಿರಲಿಲ್ಲ, ನಮ್ಮ ಬೆಸುಗೆಯ ಗುಣವಾಗಿತ್ತು!

ಉದ್ದವಾದ ತಂತಿಯನ್ನು ಮತ್ತೆ ಸುತ್ತಿ ಎರಡು ಬಿಲ್ಲೆಗಳನ್ನೂ ಅಳೆದಾಗ ಅವುಗಳ ನಡುವೆ ಉಳಿದ ಅಂತರ ಒಂದು ಡಿಗ್ರಿಗಿಂತಲೂ ಕಡಿಮೆ. ಮಾರ್ಚಿಯಿಂದ ಜೂನ್‌ವರೆಗಿನ ಅಳತೆಗಳನ್ನೆಲ್ಲ ಆಕೆ ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಆಕೆ ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅದು ನಮಗೆ ಇನ್ನೂ ಕಷ್ಟವಾಯಿತು.

ಇದರಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ತಪ್ಪು ನಿರೀಕ್ಷೆಯ ದಿಕ್ಕಿನಲ್ಲಿಯೇ ಬಂದುದು. ಶಿಖರ ಕೆಳಕ್ಕೆ ಸರಿದಿದ್ದರೆ ಎಲ್ಲರೂ ಉಪಕರಣವನ್ನು ಶಂಕಿಸುತ್ತಿದ್ದರು. ಮೇಲಕ್ಕೆ ಸರಿದುದರಿಂದ ಯಾರೂ ಶಂಕಿಸಲಿಲ್ಲ. ಎರಡನೆಯದು, ಬೆಸುಗೆ ಕೆಟ್ಟುದಾಗಿರಲಿಲ್ಲ. ಕಾರ್ಖಾನೆಯ ಯಾವ ಪರೀಕ್ಷಕನೂ ಅದನ್ನು ತಿರಸ್ಕರಿಸುತ್ತಿರಲಿಲ್ಲ. ಕೆಲಸ ಚೆನ್ನಾಗಿದ್ದರೂ ಅಳತೆ ಸುಳ್ಳಾಗಬಹುದೆಂಬುದನ್ನು ಇಪ್ಪತ್ತೆರಡು ವರ್ಷದ ಅನುಭವ ನಮಗೆ ಕಲಿಸಿರಲಿಲ್ಲ.

ಉಪಕರಣದ ದಿನಚರಿ

ಅಂದಿನಿಂದ ಪ್ರತಿಯೊಂದು ಉಪಕರಣಕ್ಕೂ ಒಂದು ದಿನಚರಿ ಪುಸ್ತಕವನ್ನು ಇಟ್ಟೆವು. ಅದು ಉಪಕರಣದ ಪಕ್ಕದಲ್ಲಿಯೇ ಇರಬೇಕು, ಇಂಜಿನಿಯರನ ಬೀರುವಿನಲ್ಲಲ್ಲ. ಯಾರು ಏನನ್ನು ಮುಟ್ಟಿದರೂ ನಾಲ್ಕು ಅಂಶಗಳನ್ನು ಬರೆಯಬೇಕು: ಮುಟ್ಟುವ ಮೊದಲು ಇದ್ದ ಸ್ಥಿತಿ, ಕೆಟ್ಟುದಕ್ಕೆ ತೋರಿದ ಕಾರಣ, ಮಾಡಿದ ಬದಲಾವಣೆ, ಮತ್ತು ಅನಂತರ ತಿಳಿದ ಬಿಂದುವೊಂದರಲ್ಲಿ ತೆಗೆದ ಪರೀಕ್ಷಾ ಅಳತೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ.

ತಿಳಿದ ಬಿಂದುವೆಂದರೆ ಪ್ರಕೃತಿಯೇ ಒದಗಿಸಿರುವ ಗೇಜು. ಕರಗುತ್ತಿರುವ ಮಂಜುಗಡ್ಡೆಯ ಉಷ್ಣತೆ 273.15 ಕೆಲ್ವಿನ್. ಸಮುದ್ರಮಟ್ಟದ ವಾಯುಒತ್ತಡದಲ್ಲಿ ಕುದಿಯುವ ದ್ರವ ನೈಟ್ರೊಜನ್ನಿನ ಉಷ್ಣತೆ ಸುಮಾರು 77 ಕೆಲ್ವಿನ್. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಹೇಗೆ 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದೋ, ಹಾಗೆಯೇ ದ್ರವ ನೈಟ್ರೊಜನ್ನೂ ಹೆಚ್ಚು ಕಡಿಮೆ ಒಂದು ಡಿಗ್ರಿ ಕೆಳಗೆ ಕುದಿಯುತ್ತದೆ. ಪುಸ್ತಕದಲ್ಲಿರುವ ಸಂಖ್ಯೆಯನ್ನು ಹಾಗೆಯೇ ಬರೆದುಕೊಂಡರೆ ಊರಿನ ಎತ್ತರವೇ ನಮ್ಮ ಅಳತೆಯಲ್ಲಿ ದೋಷವಾಗಿ ಸೇರಿಕೊಳ್ಳುವುದು. ಫೆಬ್ರವರಿಯ ಆ ಸಂಜೆ ಬಿಲ್ಲೆಯ ಜಾಗದಲ್ಲಿ ಎರಡನೆಯ ಉಷ್ಣಮಾಪಕವೊಂದನ್ನಿಟ್ಟು, ನಿರ್ವಾತ ಮಾಡಿ ತಣಿಸಿ, ಎರಡರ ಸೂಚನೆಗಳನ್ನು ಹೋಲಿಸಿದ್ದರೆ ನಾಲ್ಕು ಡಿಗ್ರಿಯ ತಪ್ಪು ಅಂದೇ ಹೊರಬೀಳುತ್ತಿತ್ತು.

ಮರೆಯಬೇಕಾದುದು, ಉಳಿಸಿಕೊಳ್ಳಬೇಕಾದುದು

ಕಾರ್ಖಾನೆಯಿಂದ ಬಂದವನು ಮರೆಯಬೇಕಾದ ಅಭ್ಯಾಸಗಳು ಇನ್ನೂ ಕೆಲವಿವೆ. ಯಂತ್ರಶಾಲೆಯಲ್ಲಿ ಎಣ್ಣೆ ಲೋಹದ ರಕ್ಷಕ. ತುಕ್ಕು ಹಿಡಿಯದಿರಲೆಂದು ಕೆಲಸ ಮುಗಿದ ವಸ್ತುವಿಗೆ ಎಣ್ಣೆ ಸವರಿ ಇಡುವುದು ಅಲ್ಲಿ ಸದಾಚಾರ. ಹೆಚ್ಚಿನ ನಿರ್ವಾತದ ಪಾತ್ರೆಯೊಳಗೆ ಬೆರಳ ಗುರುತಿನ ಜಿಡ್ಡು ಕೂಡ ದಿನಗಟ್ಟಲೆ ಅನಿಲವನ್ನು ಬಿಡುತ್ತ ನಿರ್ವಾತವನ್ನು ಕೆಡಿಸುತ್ತದೆ. ತಳ ಮುಚ್ಚಿದ ರಂಧ್ರದಲ್ಲಿ ತಿರುಪನ್ನು ಬಿಗಿಯಾಗಿ ಕೂರಿಸುವುದು ಕಾರ್ಖಾನೆಯಲ್ಲಿ ಒಳ್ಳೆಯ ಕೆಲಸ. ನಿರ್ವಾತದಲ್ಲಿ ಆ ತಿರುಪಿನ ಕೆಳಗೆ ಸಿಕ್ಕಿಕೊಂಡ ಗಾಳಿ ಎಳೆಗಳ ನಡುವಿನಿಂದ ನಿಧಾನವಾಗಿ ಹೊರಬರುತ್ತದೆ. ಹೊರಗಿನಿಂದ ಎಷ್ಟು ಹುಡುಕಿದರೂ ಆ ಸೋರಿಕೆ ಸಿಕ್ಕದು. ತಿರುಪಿನ ನಡುವೆ ಉದ್ದಕ್ಕೂ ಸಣ್ಣ ರಂಧ್ರ ಕೊರೆಯುವುದೇ ಇದಕ್ಕೆ ಪರಿಹಾರ. ಇದನ್ನು ಕಲಿಸಿದವರು ವಿಭಾಗದ ಹಿರಿಯ ಫಿಟ್ಟರೊಬ್ಬರು. ಅವರು ನಿವೃತ್ತರಾಗುವ ಮೊದಲು ಇಂಥ ಹತ್ತಾರು ಸಂಗತಿಗಳನ್ನು ದಿನಚರಿಯಲ್ಲಿ ಬರೆಸಿಕೊಂಡೆವು. ಬರೆಸಿಕೊಳ್ಳದೆ ಹೋದವು ಎಷ್ಟೋ.

ಆದರೆ ಕಾರ್ಖಾನೆಯದನ್ನೆಲ್ಲ ಬಾಗಿಲ ಹೊರಗೆ ಬಿಟ್ಟು ಬರಬೇಕೆಂದು ಯಾರೂ ಭಾವಿಸಬಾರದು. ಕೇಂಬ್ರಿಜ್ಜಿನ ಕ್ಯಾವೆಂಡಿಶ್ ಪ್ರಯೋಗಶಾಲೆಯಲ್ಲಿ 1932ರಲ್ಲಿ ವೇಗವರ್ಧಿತ ಪ್ರೋಟಾನುಗಳಿಂದ ಲಿಥಿಯಮ್ ಪರಮಾಣುವಿನ ಬೀಜವನ್ನು ಒಡೆದ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ನರ ಪೈಕಿ ಕಾಕ್‌ಕ್ರಾಫ್ಟ್ ಮ್ಯಾಂಚೆಸ್ಟರಿನ ಮೆಟ್ರೊಪಾಲಿಟನ್-ವಿಕರ್ಸ್ ಕಂಪನಿಯಲ್ಲಿ ತರಬೇತಿ ಪಡೆದ ವಿದ್ಯುತ್ ಇಂಜಿನಿಯರ್. ಲಕ್ಷಾಂತರ ವೋಲ್ಟುಗಳನ್ನು ಹಿಡಿದಿಡುವ ಅವರ ಕೊಳವೆಗೆ ಒಳ್ಳೆಯ ನಿರ್ವಾತ ಬೇಕಾಗಿತ್ತು. ಸುಲಭವಾಗಿ ಆವಿಯಾಗದ ಎಣ್ಣೆಗಳನ್ನು ಅದೇ ಕಂಪನಿಯ ಬರ್ಚ್ ಎಂಬ ವಿಜ್ಞಾನಿ ಸಿದ್ಧಪಡಿಸಿದ್ದನು. ಅವುಗಳಿಂದ ನಡೆಯುವ ಪಂಪುಗಳು ಈ ಕಾರ್ಯಕ್ಕೆ ನೆರವಾದುವು. ಇತ್ತ, ಕೊಳವೆಯ ಕೀಲುಗಳನ್ನು ಮುಚ್ಚಲು ಮಕ್ಕಳು ಆಟಕ್ಕೆ ಬಳಸುವ ಪ್ಲಾಸ್ಟಿಸೀನನ್ನೂ ಮೆತ್ತಿದ್ದುಂಟು. ಕಾರ್ಖಾನೆಯ ಶಿಸ್ತೂ ಪ್ರಯೋಗಶಾಲೆಯ ಸ್ವಾತಂತ್ರ್ಯವೂ ಒಂದೇ ಉಪಕರಣದಲ್ಲಿ ಕೂಡಿದ್ದುವು. ಆ ಇಬ್ಬರಿಗೂ 1951ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕಾರ್ಖಾನೆಯಿಂದ ಅವಶ್ಯವಾಗಿ ತರಬೇಕಾದುದು ಸುರಕ್ಷತೆಯ ನಿಷ್ಠೆ. ದ್ರವ ನೈಟ್ರೊಜನ್ ಆವಿಯಾಗಿ ಕೋಣೆಯ ಉಷ್ಣತೆಗೆ ಬಂದಾಗ ಅದರ ಗಾತ್ರ ಸುಮಾರು 700 ಪಟ್ಟು ಹಿಗ್ಗುತ್ತದೆ. ಬಿಗಿಯಾಗಿ ಮುಚ್ಚಿದ ಪಾತ್ರೆ ಸಿಡಿಯುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಚೆಲ್ಲಿದರೆ ಉಸಿರಾಡುವ ಆಮ್ಲಜನಕ ಕಡಿಮೆಯಾಗಿ, ವಾಸನೆಯ ಸೂಚನೆಯೂ ಇಲ್ಲದೆ ಮನುಷ್ಯ ಪ್ರಜ್ಞೆ ತಪ್ಪಬಹುದು. ಕಾರ್ಖಾನೆಯಲ್ಲಿ ಒಬ್ಬನೇ ಕೆಲಸಗಾರ ಇಪ್ಪತ್ತು ವರ್ಷ ಒಂದೇ ಯಂತ್ರದ ಮುಂದೆ ನಿಲ್ಲುತ್ತಾನೆ. ನಿಯಮ ಅವನ ಮೈಗೂಡಿರುತ್ತದೆ. ವಿಶ್ವವಿದ್ಯಾನಿಲಯದಲ್ಲಿ ಪ್ರತಿ ವರ್ಷವೂ ಹೊಸಬರು. ಆದುದರಿಂದ ಇಲ್ಲಿ ನಿಯಮವನ್ನು ಗೋಡೆಗೆ ತೂಗುಹಾಕಿದರೆ ಸಾಲದು. ಪ್ರತಿ ವರ್ಷವೂ, ಕಾರಣಸಹಿತವಾಗಿ, ಹೊಸದಾಗಿ ಕಲಿಸಬೇಕು.

ಕಾರ್ಖಾನೆಯ ನಕ್ಷೆಯ ಶಿಸ್ತೂ ಹಾಗೆಯೇ ಉಪಯುಕ್ತ. ವಿದ್ಯಾರ್ಥಿ ಕಾಗದದ ಚೂರಿನ ಮೇಲೆ ಚಿತ್ರ ಗೀಚಿ ತಂದಾಗ ನಾವು ಮೂರು ಪ್ರಶ್ನೆಗಳನ್ನು ಕೇಳುತ್ತೇವೆ. ಅಳೆಯಬೇಕಾದುದೇನು? ಅದರಲ್ಲಿ ಎಷ್ಟು ಚಿಕ್ಕ ಬದಲಾವಣೆ ಕಾಣಬೇಕು? ಆ ಹೊತ್ತಿನಲ್ಲಿ ಬದಲಾಗಲೇ ಕೂಡದ್ದು ಯಾವುದು? ಮೂರನೆಯದಕ್ಕೆ ಉತ್ತರ ತಡವಾಗಿ ಬರುತ್ತದೆ. ಆದರೆ ಆ ಉತ್ತರ ದೊರೆತ ಮೇಲೆ ಉಪಕರಣದ ವಿನ್ಯಾಸ ಅರ್ಧ ಮುಗಿದಂತೆಯೇ. ಅನೇಕ ಸಲ ವಿದ್ಯಾರ್ಥಿ ತಂದ ಚಿತ್ರವೇ ಬದಲಾಗುವುದುಂಟು. ನಮ್ಮ ಅಭಿಪ್ರಾಯವೂ ಬದಲಾಗುವುದುಂಟು.

ಅಧ್ಯಾಪಕರಲ್ಲಿ ಒಂದು ವಿಜ್ಞಾಪನೆ

ಎಲ್ಲ ಕಾಲೇಜುಗಳಲ್ಲಿಯೂ ಪ್ರಯೋಗಶಾಲೆಯ ಇಂಜಿನಿಯರ್ ಇರುವುದಿಲ್ಲ. ಆದರೆ ಕೆಟ್ಟ ಉಪಕರಣ ಎಲ್ಲೆಡೆಯೂ ಇದ್ದೇ ಇರುತ್ತದೆ. ಗ್ಯಾಲ್ವನೋಮೀಟರಿನ ಮುಳ್ಳು ಅಲುಗದಿದ್ದರೆ, ಮೀಟರ್ ಸೇತುವೆಯ ಉತ್ತರ ಎಡಬಲ ಬದಲಿಸಿದಾಗ ಬೇರೆ ಬಂದರೆ, ಅದನ್ನು ಒಡನೆಯೇ ಬದಿಗಿಟ್ಟು ಬೇರೊಂದನ್ನು ಕೊಡುವುದು ರೂಢಿ. ಪಾಠದ ಗಂಟೆ ಮುಗಿಯಬೇಕಲ್ಲ! ಆದರೂ ವರ್ಷದಲ್ಲಿ ಒಂದೆರಡು ಸಲವಾದರೂ ಆ ಕೆಟ್ಟ ಉಪಕರಣವನ್ನೇ ವಿದ್ಯಾರ್ಥಿಗಳ ಮುಂದಿಟ್ಟು, ಎಲ್ಲಿ ಕೆಟ್ಟಿದೆ, ಯಾವ ದಿನದಿಂದ ಕೆಟ್ಟಿರಬಹುದು, ಅದರಿಂದ ಹಿಂದಿನ ಯಾವ ಯಾವ ಉತ್ತರಗಳು ಸಂಶಯಾಸ್ಪದವಾಗುತ್ತವೆ ಎಂಬುದನ್ನು ಅವರಿಂದಲೇ ಬರೆಯಿಸುವುದು ಉಚಿತ. ಸರಿಯಾದ ಉಪಕರಣದಿಂದ ಅವರು ನಿಯಮವನ್ನು ಕಲಿಯುತ್ತಾರೆ. ಕೆಟ್ಟುದರಿಂದ ಅಳತೆಯನ್ನು ಕಲಿಯುತ್ತಾರೆ.

ಹಾಗೆಯೇ, ಸಂಶೋಧನ ಪ್ರಬಂಧದ ಕೊನೆಯಲ್ಲಿ ಕಾರ್ಯಾಗಾರದವರಿಗೆ ಕೃತಜ್ಞತೆ ಹೇಳುವ ಪದ್ಧತಿ ಒಳ್ಳೆಯದೇ. ಅದಕ್ಕಿಂತ ಉತ್ತಮವಾದುದು, ಪ್ರಬಂಧದೊಳಗೇ ಉಪಕರಣವನ್ನು ಯಾವಾಗ, ಏನು ಬದಲಿಸಲಾಯಿತು ಎಂದು ಒಂದು ಪರಿಚ್ಛೇದದಲ್ಲಿ ಬರೆಯುವುದು. ನಾವು ಮೇಲೆ ಹೇಳಿದ ವಿದ್ಯಾರ್ಥಿನಿಯ ಪ್ರಬಂಧದಲ್ಲಿ ಅಂಥ ಪರಿಚ್ಛೇದವಿದೆ. ಫೆಬ್ರವರಿಯ ಬೆಸುಗೆಯ ಸಂಗತಿಯನ್ನು ಆಕೆ ಮೂರು ವಾಕ್ಯಗಳಲ್ಲಿ, ಯಾರ ಹೆಸರನ್ನೂ ಹೇಳದೆ ಬರೆದಿದ್ದಾರೆ. ಅದರ ಪ್ರತಿಯೊಂದನ್ನು ನಾವು ಆ ಉಪಕರಣದ ದಿನಚರಿಯ ಮೊದಲ ಪುಟದಲ್ಲಿ ಅಂಟಿಸಿ, ಕೆಳಗೆ ನಮ್ಮ ಸಹಿ ಹಾಕಿದ್ದೇವೆ.